ಖಾಲಿ ಬೆಂಚುಗಳ ವರದಿಗಾರ್ತಿ

ಹೋದ ಭಾನುವಾರ ಬಿಟಿಎಂ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಗುರೆಳ್ಳು ಹುರಿಯುವ ವಾಸನೆ ಬಂತು. ನಾವು ಈ ಕಡೆಯವರು ಅದನ್ನು ಹುಚ್ಚೆಳ್ಳು ಅನ್ನುತ್ತೇವೆ. ಎಣ್ಣೆಯ ಜಿಡ್ಡು, ತುಸು ಕಹಿ ಎರಡೂ ಬೆರೆತ ವಾಸನೆ, ಮೂಗಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಖಡಕ್ ರೊಟ್ಟಿ ಮಾರುವ ಪುಟ್ಟ ಅಂಗಡಿಯ ಬಾಗಿಲಲ್ಲೇ ಒಲೆ ಹಚ್ಚಿಕೊಂಡು ಒಬ್ಬ ಹೆಂಗಸು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರು. ನಾನು ಬಂದಿದ್ದು ಚಪ್ಪಲಿ ಹೊಲಿಸಲು. ಅದನ್ನು ಮರೆತು ಅಲ್ಲೇ ನಿಂತುಬಿಟ್ಟೆ... ಬೇರೆಯವರಿಗೆ ಆ ವಾಸನೆಯಿಂದ ಹಸಿವಾಗಬಹುದು, ನನಗೆ ಮಾತ್ರ ಹೊಟ್ಟೆಕಿಚ್ಚು ಶುರುವಾಗುತ್ತದೆ. ಇಷ್ಟು ವರ್ಷವಾದರೂ ಅದು ಹೋಗಿಲ್ಲ.

ಆ ಹೊಟ್ಟೆಕಿಚ್ಚು ಡಬ್ಬಿಯಲ್ಲಿ ಗುರೆಳ್ಳು ಚಟ್ನಿ ತರುತ್ತಿದ್ದ ಒಬ್ಬ ವರದಿಗಾರ್ತಿಯ ಮೇಲೆ. ಅವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು. ವಿಧಾನಸಭೆಯ ಪತ್ರಕರ್ತರ ಗ್ಯಾಲರಿಯಲ್ಲಿ ನಮ್ಮ ಸಾಲಿನ ಕೊನೆಯ ಕುರ್ಚಿ ಅವಳದು, ಅದರ ಪಕ್ಕದ್ದು ನನ್ನದು. ನನ್ನದು ಎಲ್ಲರ ಮನೆಗೂ ಬರುವ ದೊಡ್ಡ ಪತ್ರಿಕೆ. ಅವಳದು ಉತ್ತರ ಕರ್ನಾಟಕದ ಒಂದು ಸಣ್ಣ ಪತ್ರಿಕೆ, ಬೆಂಗಳೂರಿನಲ್ಲಿ ಹುಡುಕಿದರೆ ಮಾತ್ರ ಸಿಗುತ್ತಿತ್ತು. ನಾನು ಜಯನಗರದಲ್ಲಿ ಹುಟ್ಟಿ ಬೆಳೆದವಳು. ಅವಳು ಗದಗದ ಕಡೆಯಿಂದ ಬಂದು ಬಿಟಿಎಂನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಕೆಲಸಕ್ಕೆ ಸೇರಿದ್ದೂ ನನ್ನ ನಂತರ. ಇವಳ ಮೇಲೆ ಹೊಟ್ಟೆಕಿಚ್ಚುಪಡಲು ನನಗೆ ಯಾವ ಕಾರಣವೂ ಇರಬಾರದಾಗಿತ್ತು.

ಕಾರಣ ನಮ್ಮ ಅಪ್ಪ.

ಅಪ್ಪ ಬೆಳಿಗ್ಗೆ ನನ್ನ ವರದಿಯನ್ನು ನಿಂತುಕೊಂಡೇ ಓದುತ್ತಿದ್ದರು. ಗೇಟಿನ ಹತ್ತಿರ ಪತ್ರಿಕೆ ಎತ್ತಿಕೊಂಡು, ಅಲ್ಲೇ ತುಳಸಿ ಗಿಡದ ಪಕ್ಕ ನಿಂತು, ಕಣ್ಣಾಡಿಸಿ, ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ವಾಕಿಂಗ್ ಹೊರಟು, ತ್ಯಾಗರಾಜನಗರದ ಮುಖ್ಯರಸ್ತೆಯಲ್ಲಿ ಪತ್ರಿಕೆ ಮಾರುವವನಿಗೆ ಹೇಳಿ ತರಿಸಿದ ಅವಳ ಪತ್ರಿಕೆಯನ್ನು ತರುತ್ತಿದ್ದರು. ಅದನ್ನು ಓದಲು ಮಾತ್ರ ಕನ್ನಡಕ ಹುಡುಕಬೇಕು, ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂರಬೇಕು, ಕಾಫಿ ಪಕ್ಕದಲ್ಲಿ ಇರಬೇಕು. ನನ್ನ ಹೆಸರು ಮುಖಪುಟದಲ್ಲಿ ಬಂದ ದಿನಗಳಲ್ಲೂ ಇದೇ ಕ್ರಮ. ಒಂದೇ ಒಂದು ಸಲ ಅಪ್ಪ ನನ್ನ ವರದಿಯನ್ನು ಕೂತು ಓದಲಿ ಎನ್ನುವುದೇ ಆ ವರ್ಷಗಳ ನನ್ನ ದೊಡ್ಡ ಆಸೆಯಾಗಿತ್ತು. ಸಂಪಾದಕರು ಹೊಗಳಿದರೂ, ಪ್ರಶಸ್ತಿ ಬಂದರೂ, ಆ ಬೆತ್ತದ ಕುರ್ಚಿ ನೋಡಿದಾಗ ಎಲ್ಲ ಸಪ್ಪೆಯಾಗುತ್ತಿತ್ತು.

ಅಪ್ಪನಿಗೆ ಅವಳ ಬರವಣಿಗೆ ಯಾಕೆ ಹಿಡಿಸಿತು ಎಂದು ನನಗೆ ಗೊತ್ತಿತ್ತು. ನಿವೃತ್ತರಾದ ಮೇಲೆ ಅವರು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಇಂಥ ಸಂಘಗಳ ಸರ್ವ ಸದಸ್ಯರ ಸಭೆ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಸಭೆ ನಡೆಸಲು ಇಷ್ಟು ಜನ ಇರಲೇಬೇಕು ಎಂಬ ನಿಯಮ, ಅಂದರೆ ಕೋರಂ, ಎಂದೂ ತುಂಬುವುದಿಲ್ಲ. ಆಗ ಅಧ್ಯಕ್ಷರು ಸಭೆಯನ್ನು ಅರ್ಧ ಗಂಟೆ ಮುಂದೂಡುತ್ತಾರೆ. ಬಂದವರು ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಬೋಂಡ ತಿಂದು ಬಂದು ಅದೇ ಕುರ್ಚಿಗಳಲ್ಲಿ ಕೂತರೆ ಕೋರಂ ಆದಂತೆಯೇ ಲೆಕ್ಕ. ಅಪ್ಪನಿಗೆ ಈ ನಾಟಕ ಕಂಡರೆ ಆಗುತ್ತಿರಲಿಲ್ಲ. ಠರಾವು ಬೇಕಾದವರು ಜನರನ್ನು ಕೂಡಿಸಬೇಕು, ಬಾರದವರನ್ನು ಬೈದು ಏನು ಪ್ರಯೋಜನ ಎನ್ನುವುದು ಅವರ ವಾದ. ಅದಕ್ಕಾಗಿ ಸಭೆಯ ದಿನ ಬೆಳಿಗ್ಗೆಯಿಂದ ಮನೆ ಮನೆ ಬಾಗಿಲು ಬಡಿಯುತ್ತಿದ್ದರು. ಎಷ್ಟೋ ಜನ ಅವರನ್ನು ಕಂಡು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು.

ಅವಳು ಸದನದ ಬಗ್ಗೆ ಬರೆಯುತ್ತಿದ್ದದ್ದು ಇದನ್ನೇ. ನಾವೆಲ್ಲ ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿದು ಕೂಗಿದವರ ಬಗ್ಗೆ ಬರೆದರೆ, ಅವಳು ಆಡಳಿತ ಪಕ್ಷದ ಕಡೆ ಯಾರು ಕೂತಿದ್ದರು, ಯಾರು ಇರಲಿಲ್ಲ, ಉತ್ತರ ಕೊಡಬೇಕಾದ ಮಂತ್ರಿ ಪ್ರಶ್ನೆ ಬಂದಾಗ ಎಲ್ಲಿದ್ದರು ಎಂದು ಬರೆಯುತ್ತಿದ್ದಳು. ಯಾವ ಪಕ್ಷ ಎನ್ನುವುದು ಅವಳಿಗೆ ಮುಖ್ಯವಾಗಿರಲಿಲ್ಲ. ಚುನಾವಣೆಯಾಗಿ ಆ ಕಡೆಯವರು ಈ ಕಡೆ ಬಂದು ಕೂತಾಗಲೂ ಅವಳು ಅದನ್ನೇ ಬರೆದಳು. ಅವಳನ್ನು ಅಲ್ಲಿಯವರೆಗೆ ಹಾಡಿ ಹೊಗಳಿದ್ದವರು ಒಂದೇ ಅಧಿವೇಶನದಲ್ಲಿ ಮುಖ ತಿರುಗಿಸಿದರು.

ಆಗ ನಾನು ನನಗೆ ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದಿತ್ತು. ಎಲ್ಲ ಆ ಕುರ್ಚಿಯ ಮಹಿಮೆ! ಕೊನೆಯ ಕುರ್ಚಿಯ ಮುಂದೆಯೇ ಒಂದು ದಪ್ಪ ಕಂಬ. ಅಲ್ಲಿ ಕೂತವರಿಗೆ ಪ್ರತಿಪಕ್ಷದ ಕಡೆ ಅರ್ಧಕ್ಕರ್ಧ ಕಾಣುವುದಿಲ್ಲ, ಬಾವಿಯಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಕತ್ತು ಕೊಂಕಿಸಬೇಕು. ಕಾಣುವುದೆಲ್ಲ ಆಡಳಿತ ಪಕ್ಷದ ಸಾಲುಗಳು, ಹಿಂದಿನ ಬೆಂಚಿನವರೆಗೆ. ಸಣ್ಣ ಪತ್ರಿಕೆಯಿಂದ ಹೊಸದಾಗಿ ಬಂದವಳು ಎಂದು ಯಾರಿಗೂ ಬೇಡದ ಆ ಜಾಗ ಅವಳ ಪಾಲಿಗೆ ಬಂದಿತ್ತು. ಕಂಡದ್ದನ್ನು ಬರೆಯುತ್ತಾಳೆ, ಅದರಲ್ಲಿ ಏನು ದೊಡ್ಡಸ್ತಿಕೆ ಎಂದು ನಾನು ಮನಸ್ಸಿನಲ್ಲೇ ಅವಳ ಅಂಕ ಕಡಿಮೆ ಮಾಡುತ್ತಿದ್ದೆ.

ಕಲಾಪ ಮುಗಿದ ಮೇಲೆ ನಾವೆಲ್ಲ ಪತ್ರಕರ್ತರ ಕೊಠಡಿಯಲ್ಲಿ ಕೂತು ತಾಳೆ ನೋಡುವ ಪದ್ಧತಿಯಿತ್ತು. ಯಾರು ಏನು ಅಂದರು ಎಂದು ಒಬ್ಬರು ಓದುವುದು, ಬಿಟ್ಟುಹೋದದ್ದನ್ನು ಇನ್ನೊಬ್ಬರು ಸೇರಿಸುವುದು. ಮರುದಿನ ಒಬ್ಬರಲ್ಲಿ ಇದ್ದದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಸಂಪಾದಕರು ಬೈಯುತ್ತಾರಲ್ಲ, ಅದಕ್ಕೆ. ಹೀಗಾಗಿ ಎಲ್ಲ ಪತ್ರಿಕೆಗಳಲ್ಲೂ ಒಂದೇ ಶೀರ್ಷಿಕೆ: ಪ್ರತಿಪಕ್ಷಗಳ ಗದ್ದಲಕ್ಕೆ ಕಲಾಪ ಬಲಿ. ಅವಳೂ ನಮ್ಮ ಜೊತೆ ಕೂರುತ್ತಿದ್ದಳು, ಕೇಳಿದ್ದನ್ನೆಲ್ಲ ಹೇಳುತ್ತಿದ್ದಳು, ನಗುತ್ತಿದ್ದಳು. ಡಬ್ಬಿಯಲ್ಲಿ ರೊಟ್ಟಿ, ಗುರೆಳ್ಳು ಚಟ್ನಿ ತಂದಿದ್ದರೆ ಎಲ್ಲರ ಮುಂದೆಯೂ ಹಿಡಿಯುತ್ತಿದ್ದಳು. ನಾವು ಅವಳ ಚಟ್ನಿ ತಿಂದು ಅವಳ ಟಿಪ್ಪಣಿಯನ್ನು ತಾಳೆ ನೋಡಿದರೂ ಮಾರನೆಯ ದಿನ ಅವಳ ವರದಿ ಬೇರೆಯೇ ಆಗಿರುತ್ತಿತ್ತು. ಕಣ್ಣೆದುರೇ ಹೀಗೆ ಮಾಡುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪನಿಗೆ ಅವಳು ನನ್ನ ಪಕ್ಕ ಕೂರುತ್ತಾಳೆಂದು ಗೊತ್ತಾದ ದಿನದಿಂದ ಒಂದೇ ಹಟ, ಮನೆಗೆ ಕರೆದುಕೊಂಡು ಬಾ ಎಂದು. ನಾನು ಒಂದು ಅಧಿವೇಶನ ಪೂರ್ತಿ ಏನಾದರೂ ನೆಪ ಹೇಳಿ ತಳ್ಳಿದೆ. ಕೊನೆಗೆ ಅವಳೇ ಒಂದು ಭಾನುವಾರ ಮಡಿವಾಳದಲ್ಲಿ ಬಸ್ ಹಿಡಿದು, ಚಟ್ನಿಯ ಡಬ್ಬಿ ಹಿಡಿದುಕೊಂಡು ಬಂದುಬಿಟ್ಟಳು. ಬಾಗಿಲಲ್ಲೇ ಅಪ್ಪನ ಕಾಲಿಗೆ ನಮಸ್ಕರಿಸಿ "ಕಾಕಾ" ಅಂದಳು. ಊಟಕ್ಕೆ ಕೂತವರು ಸಂಜೆಯ ಕಾಫಿಯವರೆಗೆ ಎದ್ದಿದ್ದರೆ ಕೇಳಿ. ಕೋರಂ, ಪಕ್ಷದ ಸದಸ್ಯರನ್ನು ಸದನಕ್ಕೆ ಕೂಡಿಸುವ ಸಚೇತಕರ ಕೆಲಸ, ಧ್ವನಿಮತಕ್ಕೂ ಎದ್ದು ನಿಲ್ಲಿಸಿ ಎಣಿಸುವುದಕ್ಕೂ ಏನು ವ್ಯತ್ಯಾಸ... ಮಾತು ಮುಗಿಯಲೇ ಇಲ್ಲ. ನಾನು ಬಡಿಸುತ್ತಿದ್ದೆ. ನನ್ನ ಮನೆಯಲ್ಲಿ, ನನ್ನ ಅಪ್ಪನ ಜೊತೆ, ನಾನು ದಿನಾ ಮಾಡುವ ಕೆಲಸದ ಬಗ್ಗೆ ನಡೆದ ಮಾತಿನಲ್ಲಿ ನನ್ನ ಪಾಲು ಹಪ್ಪಳ ಕರಿಯುವುದಷ್ಟೇ ಆಗಿತ್ತು.

"ಮಂದಿ ಬಹುಮತ ಕೊಡೂದು ಕುಂತು ಕೆಲಸ ಮಾಡ್ಲಿ ಅಂತ್ರಿ ಕಾಕಾ, ಎದ್ದು ಹೋಗ್ಲಿ ಅಂತಲ್ಲ" ಎಂದಳು. ಅಪ್ಪ ಅದನ್ನು ಕೇಳಿ ಮಜ್ಜಿಗೆ ಲೋಟ ಕೆಳಗಿಟ್ಟು ತೊಡೆ ತಟ್ಟಿಕೊಂಡರು. ಆ ವರ್ಷದ ಸಂಘದ ಸಭೆಯ ನೋಟಿಸಿನಲ್ಲಿ ಅದೇ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಹಾಕಿದರು. ಕೋರಂ ಆಗಲೂ ತುಂಬಲಿಲ್ಲ ಎನ್ನುವುದು ಬೇರೆ ಮಾತು.

ನಾನು ಹೇಳಬೇಕಾದ ದಿನ ಅದಾದ ಮುಂದಿನ ಅಧಿವೇಶನದ್ದು. ಕೆರೆಗಳ ಅಂಚಿನಲ್ಲಿ ಕಟ್ಟಡ ಕಟ್ಟುವಾಗ ಎಷ್ಟು ಜಾಗ ಬಿಡಬೇಕು ಎಂಬ ಬಗ್ಗೆ ಒಂದು ವಿಧೇಯಕ ಚರ್ಚೆಗೆ ಬರಲಿತ್ತು. ಸಾರಕ್ಕಿ ಕೆರೆಯ ಆಸುಪಾಸಿನಲ್ಲಿ ಅಪ್ಪನ ಗೆಳೆಯರ ಮನೆಗಳಿದ್ದವು, ಹೀಗಾಗಿ ಸಂಘದವರೆಲ್ಲ ಅದರ ಮೇಲೆ ಕಣ್ಣಿಟ್ಟಿದ್ದರು. ಬೆಳಿಗ್ಗೆ ನಾನು ಹೊರಡುವಾಗ ಅಪ್ಪ ಗೇಟಿನವರೆಗೆ ಬಂದು ಇವತ್ತು ಸರಿಯಾಗಿ ನೋಡು ಎಂದರು. ನನಗೆ ಅಷ್ಟು ಸಾಕಾಗಿತ್ತು. ಇವತ್ತಿನ ವರದಿಯನ್ನು ಅಪ್ಪ ಕೂತು ಓದುತ್ತಾರೆ ಎಂದುಕೊಂಡೇ ಸ್ಕೂಟರ್ ಹತ್ತಿದೆ.

ಬೆಳಗ್ಗೆಯಿಂದಲೇ ಪ್ರತಿಪಕ್ಷದವರು ಇನ್ನೇನೋ ವಿಷಯ ಹಿಡಿದು ಬಾವಿಗಿಳಿದಿದ್ದರು. ಕಾಗದ ಹರಿದು ತೂರಿದರು, ಪೀಠದ ಮುಂದೆ ಕೂಗಿದರು. ಒಂದು ಮಾತೂ ಬಿಡದಂತೆ ಬರೆದುಕೊಂಡೆ. ಊಟದ ವಿರಾಮದ ನಂತರ ವಿಧೇಯಕ ಕೈಗೆತ್ತಿಕೊಳ್ಳುವ ಹೊತ್ತಿಗೆ ಅವರು ಘೋಷಣೆ ಕೂಗುತ್ತ ಸಭಾತ್ಯಾಗ ಮಾಡಿ ಹೊರನಡೆದರು. ಅವರ ಕಡೆ ಉಳಿದವರು ಹಿಂದಿನ ಸಾಲಿನ ಒಬ್ಬ ವಯಸ್ಸಾದ ಶಾಸಕರು ಮಾತ್ರ, ಅವರು ಪಾಪ ಕಾಲುನೋವಿಗೆ ಎದ್ದಿರಲಿಲ್ಲ ಎಂದುಕೊಂಡೆವು.

ಸಭಾತ್ಯಾಗ ಆದರೆ ನಮ್ಮ ಗ್ಯಾಲರಿಯೂ ಖಾಲಿಯಾಗುತ್ತಿತ್ತು. ಹೊರಬಂದ ನಾಯಕರು ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಾರೆ, ಟೀವಿಯವರ ಮೈಕುಗಳ ನಡುವೆ ತಲೆ ತೂರಿಸದಿದ್ದರೆ ಸುದ್ದಿ ತಪ್ಪಿತು ಎಂದೇ ಅರ್ಥ. ಎಲ್ಲರೂ ದಬದಬ ಮೆಟ್ಟಿಲಿಳಿದೆವು. ನಾನು ಏಳುವಾಗ ಅವಳ ಭುಜ ತಟ್ಟಿ ಬರಲ್ವಾ ಎಂದೆ. ಅವಳು ಕಂಬದ ಪಕ್ಕದಿಂದ ಕೆಳಗೆ ನೋಡುತ್ತಿದ್ದಳು. "ಮಸೂದೆ ಇಲ್ಲೇ ಐತಲ್ರಿ ಅಕ್ಕಾ" ಎಂದಳು. ಅಷ್ಟೇ. ಅಧಿಕಪ್ರಸಂಗಿ ಎಂದು ಬೈದುಕೊಂಡು ನಾನು ಕೆಳಗೆ ಓಡಿದೆ.

ನಾವು ಮೆಟ್ಟಿಲ ಹತ್ತಿರ ಇದ್ದಾಗ ಒಳಗೆ ಸದಸ್ಯರನ್ನು ಕರೆಯುವ ಗಂಟೆ ಮೊಳಗತೊಡಗಿತು. ಆ ಹಿರಿಯ ಶಾಸಕರು ಕಾಲುನೋವಿಗೆ ಕೂತಿರಲಿಲ್ಲ. ಎದ್ದು ನಿಂತು, ಸದನದಲ್ಲಿ ಕೋರಂ ಇಲ್ಲ ಎಂದು ಪೀಠದ ಗಮನಕ್ಕೆ ತಂದಿದ್ದರು. ಪ್ರತಿಪಕ್ಷ ಹೊರಗಿತ್ತು. ತಡೆಯುವವರು ಯಾರೂ ಇರಲಿಲ್ಲ. ಬಹುಮತವಿದ್ದ ಪಕ್ಷ ನೆಮ್ಮದಿಯಾಗಿ ಕೂತು, ಕಲಮು ಕಲಮಾಗಿ ಚರ್ಚಿಸಿ ತನ್ನ ವಿಧೇಯಕವನ್ನು ತಾನೇ ಅಂಗೀಕರಿಸಬಹುದಿತ್ತು. ಆದರೆ ಆ ಕಡೆಯ ಬೆಂಚುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಮುಖ್ಯ ಸಚೇತಕರು ಮೊಗಸಾಲೆಗೂ ಕ್ಯಾಂಟೀನಿಗೂ ಓಡಾಡಿ ಕೈಗೆ ಸಿಕ್ಕವರನ್ನು ಕರೆತಂದರೂ ಸಾಲಲಿಲ್ಲ. ಸಭಾಧ್ಯಕ್ಷರು ಕಲಾಪವನ್ನು ಮರುದಿನಕ್ಕೆ ಮುಂದೂಡಿದರು. ಇದಿಷ್ಟನ್ನು ಕಣ್ಣಾರೆ ಕಂಡ ಪತ್ರಕರ್ತೆ ಅವಳೊಬ್ಬಳೇ.

ನಮಗೆ ವಿಷಯ ಗೊತ್ತಾಗಲಿಲ್ಲ ಎಂದಲ್ಲ. ಐದು ನಿಮಿಷದಲ್ಲಿ ಗೊತ್ತಾಯಿತು. ಆದರೆ ಮೊಗಸಾಲೆಯಲ್ಲಿ ಸಿಕ್ಕ ಮಂತ್ರಿಯೊಬ್ಬರು, ಪ್ರತಿಪಕ್ಷ ಬೆಳಗಿನಿಂದ ಸದನ ನಡೆಯಲು ಬಿಟ್ಟಿದ್ದರೆ ತಾನೆ ಎಂದರು. ನಮ್ಮ ಕೈಯಲ್ಲಿ ಬೆಳಗಿನ ಗದ್ದಲದ ಪುಟಗಟ್ಟಲೆ ಟಿಪ್ಪಣಿ ಇತ್ತು, ಮೆಟ್ಟಿಲ ಮೇಲಿನ ಭಾಷಣ ಇತ್ತು. ತಾಳೆ ನೋಡಿದೆವು. ಗದ್ದಲ, ಸಭಾತ್ಯಾಗ: ಕಲಾಪ ಬಲಿ. ಕೊನೆಯ ಪ್ಯಾರಾದಲ್ಲಿ ಕೋರಂ ಕೊರತೆಯನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದೆ. ನನ್ನ ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಇವತ್ತೂ ಹಾಗೆಯೇ ಹೇಳುತ್ತೇನೆ. ಮುಖಪುಟದಲ್ಲಿ ಹೆಸರಿನ ಸಮೇತ ಬಂತು.

ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡುತ್ತಿದ್ದೆ. ಅಪ್ಪ ತುಳಸಿಯ ಪಕ್ಕ ನಿಂತು ನನ್ನ ವರದಿ ಓದಿದರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಂತರು. ಮಡಚಿದರು, ಕಂಕುಳಿಗೆ ಸೇರಿಸಿದರು, ಚಪ್ಪಲಿ ಮೆಟ್ಟಿ ಹೊರಟರು. ಬಂದದ್ದು ಅವಳ ಪತ್ರಿಕೆಯೊಂದಿಗೆ. ಕನ್ನಡಕ, ಕುರ್ಚಿ, ಕಾಫಿ... ಓದಿ ಮುಗಿಸಿ ನನ್ನನ್ನು ಕರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ವಿಧೇಯಕ ಬೇಡವೆಂದವರು ಎದ್ದು ಹೋಗಿದ್ದರು, ಬೇಕೆಂದವರು ಬಂದೇ ಇರಲಿಲ್ಲ ಎಂದು ಬರೆದಿದ್ದಳು. ನನಗೆ ಅದನ್ನು ಓದಿದಾಗ ಆದದ್ದನ್ನು ಹೇಗೆ ಹೇಳಲಿ? ಆ ಸಾಲು ನನ್ನದಾಗಬೇಕಿತ್ತು ಅನ್ನಿಸಿತು. ಪಕ್ಕದ ಕುರ್ಚಿಯಲ್ಲೇ ಇದ್ದೆನಲ್ಲ ನಾನು.

"ನೀನೂ ಎದ್ದು ಹೋಗಿದ್ಯಾ?" ಎಂದು ಅಪ್ಪ ಕೇಳಿದರು. ಬೈಗುಳವೇನೂ ಅಲ್ಲ, ಸುಮ್ಮನೆ ಕೇಳಿದ್ದು. ನಾನು ಅಡುಗೆಮನೆಗೆ ಹೋಗಿ, ಕಪಾಟಿನಲ್ಲಿದ್ದ ಅವಳ ಚಟ್ನಿಯ ಡಬ್ಬಿಯನ್ನು ಹಿಂದಕ್ಕೆ, ಕೈಗೆ ಎಟುಕದಷ್ಟು ಹಿಂದಕ್ಕೆ ತಳ್ಳಿದೆ. ಮಧ್ಯಾಹ್ನ ಅಪ್ಪ ಸ್ಟೂಲು ಹಾಕಿಕೊಂಡು ಅದನ್ನು ತೆಗೆದುಕೊಂಡರು.

ಅವಳ ಪತ್ರಿಕೆ ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಕಚೇರಿ ಮುಚ್ಚಿತು. ದೊಡ್ಡ ಪತ್ರಿಕೆಗಳಲ್ಲಿ ಅವಳಿಗೆ ಕೆಲಸ ಸಿಗಲಿಲ್ಲ. ಎರಡೂ ಕಡೆಯವರಿಗೆ ಬೇಡವಾದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಊರಿಗೆ ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಬಹಳ ಹೊತ್ತು ಕೂತಿದ್ದಳು. ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಆ ಕುರ್ಚಿ ನೀವ ತಗೊಳ್ರಿ ಅಕ್ಕಾ. ಬ್ಯಾರೆಯವ್ರಿಗೆ ಬಿಡಬ್ಯಾಡ್ರಿ" ಎಂದಳು. ಅಲ್ಲಿ ಫ್ಯಾನಿನ ಗಾಳಿ ಬರಲ್ಲ ಎಂದು ನಾನು ಉತ್ತರ ಕೊಟ್ಟೆ. ಅವಳು ನಕ್ಕಳು. ಆಟೋದಲ್ಲಿ ಕೂತ ಮೇಲೂ ನಗುತ್ತಲೇ ಕೈಬೀಸಿದಳು.

ಮುಂದಿನ ಅಧಿವೇಶನಕ್ಕೆ ನಾನು ಆ ಕುರ್ಚಿಯಲ್ಲೇ ಕೂತೆ. ಕುರ್ಚಿಯ ಮಹಿಮೆಯಾದರೆ ನನಗೂ ಒಲಿಯಬೇಕಲ್ಲ, ನೋಡೇಬಿಡೋಣ ಎಂಬ ಹಟ. ಅಲ್ಲಿಂದ ಕಂಡದ್ದು ಆಕಳಿಸುವವರು, ಮೊಬೈಲ್ ನೋಡುವವರು, ಒಬ್ಬೊಬ್ಬರಾಗಿ ಎದ್ದು ಹೋಗುವವರು, ಮತ್ತೆ ಖಾಲಿ ಬೆಂಚು. ಏನೂ ನಡೆಯದ ಜಾಗವನ್ನು ದಿನವಿಡೀ ನೋಡುತ್ತ ಕೂರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಎಡಗಡೆಯಿಂದ ಕೂಗು ಕೇಳಿದರೆ ಕತ್ತು ತಾನಾಗಿಯೇ ಅತ್ತ ಹೊರಳುತ್ತಿತ್ತು, ಬರೆಯುತ್ತಿದ್ದದ್ದೂ ಆ ಕೂಗನ್ನೇ, ಆದರೂ ಕುರ್ಚಿ ಬಿಡಲಿಲ್ಲ. ಅವಳ ಕತ್ತು ಹೇಗೆ ಹೊರಳುತ್ತಿರಲಿಲ್ಲವೋ... ಅದೊಂದನ್ನು ಅವಳ ಹತ್ತಿರ ಕೇಳಬೇಕಿತ್ತು. ಕೇಳಲು ನನ್ನ ಬಿಂಕ ಬಿಡಲಿಲ್ಲ.

ಎರಡು ವರ್ಷದ ಹಿಂದೆ ಪತ್ರಕರ್ತರ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬಂತು, ಕೆಳಗೆ ಕೈ ಜೋಡಿಸಿದ ಚಿತ್ರಗಳು. ಕಾಯಿಲೆಯಂತೆ, ಯಾರಿಗೂ ಹೇಳಿರಲಿಲ್ಲವಂತೆ. ಅವಳಿದ್ದಾಗ ಒಂದು ಕೆಲಸ ಕೊಡಿಸದವರೆಲ್ಲ ಸಾಲುಗಟ್ಟಿ ಬರೆದರು, ಅವಳಂಥ ವರದಿಗಾರ್ತಿ ಇನ್ನು ಬರುವುದಿಲ್ಲ ಎಂದರು. ನಾನು ಓದುತ್ತ ಹೋದೆ. ಅಳು ಬರುವ ಮುಂಚೆ ನನಗೆ ಬಂದ ಯೋಚನೆ, ನಾನು ಸತ್ತರೆ ಇಷ್ಟು ಜನ ಬರೆಯುತ್ತಾರೆಯೇ ಎಂಬುದು. ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಇರುವುದಿಲ್ಲ. ಅಪ್ಪನಿಗೆ ಹೇಳಿದೆ. ಅವರು ಅವತ್ತು ಪತ್ರಿಕೆ ಮುಟ್ಟಲಿಲ್ಲ.

ಈಗ ಅಪ್ಪನಿಗೆ ಕಣ್ಣು ಕಾಣುವುದು ಬಹಳ ಕಡಿಮೆ. ಮಂಡಿ ಹಿಡಿದುಕೊಂಡಿರುವುದರಿಂದ ಬೆಳಗಿನಿಂದ ಸಂಜೆಯವರೆಗೂ ಬೆತ್ತದ ಕುರ್ಚಿಯಲ್ಲೇ ಇರುತ್ತಾರೆ. ಅವರು ಕೂತು ಓದಲಿ ಎಂದು ಹಂಬಲಿಸಿದವಳಿಗೆ ದೇವರು ಹೀಗೆ ವರ ಕೊಟ್ಟ. ಕೂರುವುದಕ್ಕೆ ಈಗ ಬೆಲೆಯೇ ಇಲ್ಲ. ದಿನಾ ಬೆಳಿಗ್ಗೆ ನಾನೇ ಪತ್ರಿಕೆ ಓದಿ ಹೇಳುತ್ತೇನೆ, ಸಾಮಾನ್ಯವಾಗಿ ನಡುವೆಯೇ ಅವರಿಗೆ ನಿದ್ದೆ ಹತ್ತುತ್ತದೆ.

ಹೋದ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಸದನದಲ್ಲಿ ಮತ್ತೆ ಸಭಾತ್ಯಾಗವಾಯಿತು. ಹೊಸ ಹುಡುಗರು ಫೋನು ಹಿಡಿದುಕೊಂಡು, ಮೆಟ್ಟಿಲ ಹತ್ತಿರದ ವಿಡಿಯೋಗಾಗಿ ಓಡಿದರು. ನಾನು ಎದ್ದವಳು ಮತ್ತೆ ಕೂತೆ. ಕಂಬದ ಪಕ್ಕದಿಂದ ನೋಡುತ್ತ ಹೋದೆ. ಸಂಬಂಧಪಟ್ಟ ಮಂತ್ರಿ ಇರಲಿಲ್ಲ, ಅವರ ಪರವಾಗಿ ಉತ್ತರ ಓದಲು ಎದ್ದವರಿಗೆ ಪ್ರಶ್ನೆ ಯಾವುದೆಂದು ಗೊತ್ತಿರಲಿಲ್ಲ, ಕೇಳಿಸಿಕೊಳ್ಳಲು ಅವರದೇ ಪಕ್ಷದವರು ಬೆರಳೆಣಿಕೆಯಷ್ಟು. ಕಂಡದ್ದನ್ನು ಕಂಡ ಹಾಗೆ ಬರೆದು ಕೊಟ್ಟೆ. ಕಚೇರಿಯವರು ಅದನ್ನು ಒಂದು ದಿನ ತಡೆದು, ಭಾನುವಾರ ಒಳಪುಟದಲ್ಲಿ ಸಣ್ಣದಾಗಿ ಹಾಕಿದ್ದರು.

ಅವತ್ತು ಬಿಟಿಎಂನ ಆ ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ, ಗುರೆಳ್ಳು ಚಟ್ನಿಯನ್ನು ಅಪ್ಪನ ತಟ್ಟೆಗೆ ಹಾಕಿಕೊಟ್ಟು, ಪಕ್ಕದಲ್ಲಿ ಕೂತು ಆ ವರದಿ ಓದಿದೆ. ಬರೆದವರ ಹೆಸರು ಓದಲಿಲ್ಲ. ಅಪ್ಪ ನಿದ್ದೆ ಹೋಗಲಿಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಇನ್ನೊಂದು ಸಲ ಓದು ಎಂದರು. ಓದಿದೆ.

"ಇದು ಆ ಹುಡುಗಿ ಬರೆದಿದ್ದಲ್ವಾ? ಹಳೇದು ತೆಗ್ದು ಓದ್ತಿದ್ಯಾ?"

"ಇವತ್ತಿಂದು ಅಪ್ಪ. ನಾನೇ ಬರ್ದಿದ್ದು."

ಅಪ್ಪ ಕೈ ಚಾಚಿ ಪತ್ರಿಕೆ ಇಸಿದುಕೊಂಡು, ಕಾಣದಿದ್ದರೂ ಆ ಪುಟವನ್ನು ಮಡಿಲಲ್ಲಿ ಹರಡಿಕೊಂಡರು. "ಚೆನ್ನಾಗಿದೆ" ಎಂದರು. "ಅವಳು ಓದ್ಬೇಕಿತ್ತು."

ಎಷ್ಟು ವರ್ಷ ಕಾದಿದ್ದ ಮಾತು ಅದು, ಚೆನ್ನಾಗಿದೆ ಅನ್ನುವುದು. ಅದರ ಜೊತೆಯಲ್ಲೂ ಅವಳು ಬಂದು ಕೂತಳು. ಹಿಂದಿನ ನಾನಾಗಿದ್ದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಆದರೆ ಅಪ್ಪ ಅಂದದ್ದನ್ನೇ ನನ್ನ ಮನಸ್ಸೂ ಅಂದುಕೊಂಡಿತ್ತು. ಅವಳು ಇದನ್ನು ಓದಬೇಕಿತ್ತು. ಒಂದು ದಿನ, ಒಂದೇ ಒಂದು ದಿನವಾದರೂ ಅವಳಿಗೆ ನನ್ನ ಮೇಲೆ ಹೊಟ್ಟೆ ಉರಿಯಬೇಕಿತ್ತು.